ಏಳು ಓಣಿಗಳ ತಾಯಂದಿರು

ವಿಕ್ಟೋರಿಯಾ ಎಂದರೆ ಕರ್ನಾಟಕದ ನಮಗೆ ಮೊದಲು ನೆನಪಾಗುವುದು ರಾಣಿಯಲ್ಲ, ಬೆಂಗಳೂರಿನ ಆಸ್ಪತ್ರೆ. ಡಿ.ಫಾರ್ಮ ಮುಗಿಸಿ ಆಸ್ಪತ್ರೆಗಳಲ್ಲೇ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗಂತೂ ಬೇರೇನೂ ಹೊಳೆಯುವುದಿಲ್ಲ. ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ ಆ ಆಸ್ಪತ್ರೆ ಕಟ್ಟಿದರು, 1900ರಲ್ಲಿ ಅದರ ಬಾಗಿಲು ತೆರೆಯಿತು. ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಅವಧಿಯನ್ನೇ ಜಗತ್ತು ವಿಕ್ಟೋರಿಯಾ ಯುಗ ಎಂದು ಕರೆಯುತ್ತದೆ. ಅದರ ಚರಿತ್ರೆಯಲ್ಲಿ ರೈಲು ಬರುತ್ತದೆ, ಕಾರ್ಖಾನೆ ಬರುತ್ತದೆ, ವಸಾಹತುಗಳು ಬರುತ್ತವೆ. ಕಾರ್ಖಾನೆಯಿಂದ ಸಂಜೆ ಮನೆಗೆ ಬಂದ ಗಂಡನಿಗೆ ಆಲೂಗಡ್ಡೆ ಬೇಯಿಸಿಟ್ಟು, ಆರೇಳು ಮಕ್ಕಳನ್ನು ಹೆತ್ತು, ಅವುಗಳಲ್ಲಿ ಒಂದೆರಡನ್ನು ಮಣ್ಣು ಮಾಡಿ, ಮರುದಿನ ಮತ್ತೆ ನೀರಿಗೆ ಹೊರಟವಳು ಮಾತ್ರ ಬರುವುದಿಲ್ಲ.

ಅಂಥವಳನ್ನು ನಾವು ಹುಡುಕಿದ್ದು ಇಂಗ್ಲೆಂಡಿನಲ್ಲಲ್ಲ, ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ನಗರದಲ್ಲಿ. ಕಾರಣ ದೊಡ್ಡದೇನಲ್ಲ. ತಂಗಿ ಅಲ್ಲಿದ್ದಾಳೆ, ಆಕೆಗೆ ಹೆರಿಗೆಯಾಗಿತ್ತು. ಊರಿನಿಂದ ಅಮ್ಮ ಬಾಣಂತನಕ್ಕೆ ಬಂದಿದ್ದರು, ಗಲ್ಫಿನಿಂದ ನಾವು ಬೇಸಿಗೆ ರಜೆಗೆ ಹೋಗಿ ಸೇರಿಕೊಂಡೆವು. ಮಗು ಮಲಗಿದ ಹೊತ್ತಿನಲ್ಲಿ ಊರು ಸುತ್ತಿದೆವು. ಯುಟ್ರೆಕ್ಟ್ ರೈಲು, ವಿಶ್ವವಿದ್ಯಾನಿಲಯ, ಚರ್ಚಿನ ಎತ್ತರದ ಗೋಪುರಗಳ ಊರು. ಡಚ್ಚರಿಗೆ ವಿಕ್ಟೋರಿಯಾ ರಾಣಿಯಾಗಿರಲಿಲ್ಲ, ಅವರಿಗೆ ಅವರದೇ ರಾಜರಿದ್ದರು. ಆದರೆ ಬಡವನ ಹೆಂಡತಿಯ ಪಾಲಿಗೆ ಆ ಕಾಲ ಎರಡೂ ದೇಶಗಳಲ್ಲಿ ಒಂದೇ ಆಗಿತ್ತು.

ಊರಿನ ದಕ್ಷಿಣಕ್ಕೆ, ಹಳೆಯ ಕಾಲುವೆಯಾದ ಔಡೆಗ್ರಾಖ್ಟ್‌ನ ಪಕ್ಕದಲ್ಲಿ, ಏಳು ಓಣಿಗಳು ಎಂಬ ಅರ್ಥದ ಹೆಸರಿರುವ ಕೇರಿ ಇದೆ: ಝೇವನ್ ಸ್ಟೇಗ್ಯೆಸ್. 1840ರ ದಶಕದಿಂದ ಮುಂದಕ್ಕೆ ಕ್ಯಾಥೊಲಿಕ್ ದಾನಸಂಸ್ಥೆಯೊಂದು ತನ್ನ ಮತದ ಬಡ ಕುಟುಂಬಗಳಿಗೆಂದು ಕಟ್ಟಿಸಿದ ಮನೆಗಳು. ಅಲ್ಲಿ ಒಂದು ಓಣಿಯ ಹೆಸರಿಗೆ ಬಿಯರ್ ಮಾಡುವವನ ಬೀದಿ ಎಂದು ಅರ್ಥ, ಇನ್ನೊಂದಕ್ಕೆ ಮೊಳಕೆ ಧಾನ್ಯದ ಬೀದಿ ಎಂದು. ಈಗಲೂ ಅಲ್ಲಿ ಜನ ವಾಸವಿದ್ದಾರೆ, ಕಿಟಕಿಯಲ್ಲಿ ಹೂಕುಂಡ ಇಟ್ಟಿದ್ದಾರೆ, ನೋಡಲು ಬಲು ಚಂದ. ಆದರೆ ಎರಡು ಕೈ ಚಾಚಿದರೆ ಪಕ್ಕದ ಮನೆಯ ಬಾಗಿಲು ಸಿಕ್ಕೀತು ಎನ್ನುವಂತಿವೆ ಓಣಿಗಳು. ನಮ್ಮ ಊರಿನ ಹಳೆಯ ಲೈನ್ ಮನೆಗಳ ಹಾಗೆ. ಊರಿನ ವಾಯವ್ಯದಲ್ಲಿ ವೈಕ್ ಸಿ ಎಂಬ ಇನ್ನೊಂದು ಕೂಲಿಕಾರರ ಕೇರಿ ಇತ್ತು. ಅಲ್ಲಿಯ ಬದುಕನ್ನು ತೋರಿಸುವ ಸಣ್ಣ ವಸ್ತುಸಂಗ್ರಹಾಲಯ ಈಗ ವಾಟರ್‌ಸ್ಟ್ರಾಟ್ ಎಂಬ ಬೀದಿಯಲ್ಲಿದೆ. ಇವಕ್ಕಿಂತಲೂ ಕೆಳಗೆ ಇಳಿದವರು ಕಾಲುವೆ ದಡದ ನೆಲಮಾಳಿಗೆಗಳಲ್ಲಿ ಬದುಕಿದರು. ಆ ಮಾಳಿಗೆಗಳಲ್ಲಿ ಇಂದು ಕಾಫಿ ಅಂಗಡಿಗಳಿವೆ. ನಾವೂ ಅಲ್ಲಿ ಕೂತು ಕಾಫಿ ಕುಡಿದೆವು, ಗೋಡೆಗೆ ಬೆನ್ನು ಕೊಟ್ಟರೆ ಜುಲೈ ತಿಂಗಳಲ್ಲೂ ತಂಪು ಹತ್ತುತ್ತಿತ್ತು. ಜನವರಿಯಲ್ಲಿ ಅಲ್ಲಿ ಹಸುಗೂಸನ್ನು ಮಲಗಿಸಿದವರಿದ್ದರು.

ಇಂಥ ಮನೆ ಎಂದರೆ ಒಂದೇ ಕೋಣೆ, ಮೇಲೆ ಅಟ್ಟ. ಅಡುಗೆ, ಊಟ, ಹೆರಿಗೆ, ಸಾವು ಎಲ್ಲ ಅಲ್ಲೇ. ಗೋಡೆಯೊಳಗೆ ಕಪಾಟಿನಂತೆ ಕೊರೆದ ಮಂಚ, ಅದಕ್ಕೆ ಬಾಗಿಲು. ರಾತ್ರಿ ಬೆಚ್ಚಗಿರಲೆಂದು ಬಾಗಿಲು ಮುಚ್ಚಿ ಗಂಡ ಹೆಂಡತಿ ಮಲಗುವುದು, ಎಳೆಯ ಮಗು ಕಾಲ ಬಳಿ, ದೊಡ್ಡ ಮಕ್ಕಳು ಅಟ್ಟದ ಮೇಲೆ. ಒಬ್ಬರಿಗೆ ಕ್ಷಯ ಬಂದರೆ ಆ ಕಪಾಟಿನೊಳಗೆ ಇನ್ನೊಬ್ಬರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಶೌಚಕ್ಕೆ ಹಲವು ಮನೆಗಳಿಗೆ ಸೇರಿ ಒಂದು ತಾಣ.

ಈಗ ಆಕೆಯ ದಿನಚರಿ. ಬೆಳಿಗ್ಗೆ ಎದ್ದ ಕೂಡಲೇ ಬೇಕಾದದ್ದು ಎರಡು: ನೀರು, ಬೆಂಕಿ. ನೀರು ಬೀದಿಯ ಪಂಪಿನಿಂದ, ಬಾವಿಯಿಂದ, ಬಟ್ಟೆ ಪಾತ್ರೆಗಾದರೆ ಕಾಲುವೆಯಿಂದ. ಬೆಂಕಿಗೆ ಜೌಗು ನೆಲದಿಂದ ಕಡಿದು ಒಣಗಿಸಿದ ಪೀಟ್ ಎಂಬ ಮಣ್ಣಿನ ಇಟ್ಟಿಗೆ. ಅದನ್ನು ಹೊತ್ತಿಸಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಬೇಕಾದರೆ ಹೊತ್ತೂ ಹೋಗುತ್ತದೆ, ಕಾಸೂ ಹೋಗುತ್ತದೆ. ಆದ್ದರಿಂದ ಡಚ್ ನಗರಗಳಲ್ಲಿ ಒಂದು ವಿಚಿತ್ರ ವ್ಯಾಪಾರ ಬೆಳೆಯಿತು, ನೀರು-ಬೆಂಕಿ ಅಂಗಡಿ. ಅಲ್ಲಿ ಬಕೆಟ್ ಲೆಕ್ಕದಲ್ಲಿ ಬಿಸಿನೀರು ಸಿಗುತ್ತಿತ್ತು, ಜೊತೆಗೆ ನಿಗಿನಿಗಿ ಕೆಂಡ. ಕೆಂಡವನ್ನು ಮಣ್ಣಿನ ಬಟ್ಟಲಲ್ಲಿ ಹಾಕಿ, ಮೇಲೆ ತೂತುಗಳಿರುವ ಮರದ ಪೆಟ್ಟಿಗೆಯೊಳಗೆ ಇಟ್ಟು, ಅದರ ಮೇಲೆ ಕಾಲಿಟ್ಟು ಕೂತು ಬಟ್ಟೆ ಹೊಲಿಯುವುದು. ಈ ಅಂಗಡಿಯ ವಿಷಯ ಕೇಳಿದಾಗ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಬಚ್ಚಲ ಒಲೆಗೆ ತೆಂಗಿನ ಮಡಲು ತುರುಕಿ ಹಂಡೆ ತುಂಬ ನೀರು ಕಾಯಿಸುವ ಊರಿನವರಿಗೆ ಬಿಸಿನೀರು ಕೊಂಡು ತರುವುದೆಂದರೆ ಹೇಗೆ ನಂಬಿಕೆ ಬಂದೀತು?

ಬಟ್ಟೆ ಒಗೆಯುವುದು ವಾರಕ್ಕೊಮ್ಮೆ, ಅದೇ ಒಂದು ಯಜ್ಞ. ಹಿಂದಿನ ರಾತ್ರಿ ನೆನೆಸಿಡಬೇಕು, ನೀರು ಹೊರಬೇಕು, ಕುದಿಸಬೇಕು, ಸೋಡಾ ಹಾಕಿ ತಿಕ್ಕಬೇಕು, ಹಿಂಡಬೇಕು. ಚಳಿಗಾಲದಲ್ಲಿ ಒಣಗಿಸಲು ಜಾಗ ಆ ಒಂದೇ ಕೋಣೆ. ಒದ್ದೆ ಬಟ್ಟೆಯ ಆವಿಯ ಕೆಳಗೆ ಮಕ್ಕಳು ಕೆಮ್ಮುತ್ತಿದ್ದರು. ಸ್ವಂತ ಮನೆಯ ಬಟ್ಟೆ ಮುಗಿದ ಮೇಲೆ ಹಣವಂತರ ಮನೆಯ ಬಟ್ಟೆ. ಗಂಡ ದಿನಗೂಲಿಯವನಾಗಿದ್ದು ವಾರಕ್ಕೆ ಆರೇಳು ಗಿಲ್ಡರ್ ತಂದರೆ ಬಾಡಿಗೆ, ಪೀಟ್, ಆಲೂಗಡ್ಡೆ, ರೈ ಬ್ರೆಡ್ಡು, ಚಿಕೋರಿ ಬೆರೆಸಿದ ಕಾಫಿಗೆ ಸರಿಯಾಗುತ್ತಿತ್ತು. ಅವನು ದಾರಿಯಲ್ಲಿ ಜೆನೆವರ್ ಎಂಬ ಸಾರಾಯಿಯ ಅಂಗಡಿಗೆ ನುಗ್ಗದಿದ್ದರೆ ಮಾತ್ರ. ಕೊರತೆ ಬಿದ್ದ ವಾರ ಇದ್ದೇ ಇತ್ತು ಗಿರವಿ ಅಂಗಡಿ. ಭಾನುವಾರ ಚರ್ಚಿಗೆ ತೊಟ್ಟ ಗಂಡನ ಕೋಟು ಸೋಮವಾರ ಗಿರವಿಗೆ ಹೋಗಿ ಶನಿವಾರ ಮರಳುವುದು ಯುರೋಪಿನ ಎಲ್ಲ ಕೂಲಿಕೇರಿಗಳ ಕಥೆ. ಬಡ್ಡಿಯ ಲೆಕ್ಕ ಬರೆದಿಡಲು ಬರದವಳು ಬಾಯಲ್ಲೇ ಲೆಕ್ಕ ಹಿಡಿದಳು. ಊರಲ್ಲಿ ಚಿನ್ನದ ಬಳೆಯನ್ನು ಸೊಸೈಟಿಯಲ್ಲಿ ಇಟ್ಟು ಮಗನಿಗೆ ವೀಸಾ ಮಾಡಿಸಿದ ತಾಯಂದಿರ ಮಕ್ಕಳು ನಮ್ಮ ಸಂಘದಲ್ಲಿ ಎಷ್ಟೋ ಮಂದಿ ಇದ್ದೀರಿ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುಟ್ರೆಕ್ಟ್‌ನಲ್ಲಿ ಸಿಗಾರ್ ಕಟ್ಟುವ ಉದ್ಯಮ ದೊಡ್ಡದಿತ್ತು. ರಿಬ್ಬಿಯಸ್ ಪೆಲೆಟಿಯೆ ಎಂಬ ಹೆಸರಿನ ಕಾರ್ಖಾನೆ 19ನೆಯ ಶತಮಾನದಲ್ಲೇ ಪ್ರಸಿದ್ಧವಾಗಿತ್ತು. ಸಿಗಾರ್ ಸುತ್ತುವ ಕೌಶಲದ ಕೆಲಸ ಹೆಚ್ಚಾಗಿ ಗಂಡಸರದು. ತಂಬಾಕಿನ ಎಲೆಯ ನಡುವಿನ ದಪ್ಪ ನರವನ್ನು ಬಿಡಿಸಿ ತೆಗೆಯುವ ಕೆಲಸ ಈ ಉದ್ಯಮದಲ್ಲಿ ಹೆಂಗಸರು ಮಕ್ಕಳ ಪಾಲು. ಕೂಲಿಯೂ ಅದಕ್ಕೆ ತಕ್ಕಂತೆ. ನಮ್ಮ ಕರಾವಳಿಯ ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿ, ವಾರಕ್ಕೊಮ್ಮೆ ಬ್ರಾಂಚಿಗೆ ಹೋಗಿ ಎಣಿಸಿ ಕೊಟ್ಟು ಬರುತ್ತಿದ್ದದ್ದು ನೆನಪಾಗದೆ ಇರಲಿಲ್ಲ. ತಂಬಾಕಿನ ಅದೇ ಧೂಳು, ಅದೇ ಕೆಮ್ಮು, ಪಕ್ಕದಲ್ಲಿ ಮಲಗಿದ ಮಗುವಿನ ಮೂಗಿಗೂ ಅದೇ ಗಾಳಿ.

ಇಷ್ಟೆಲ್ಲ ಮಾಡಿದವಳ ಹೆಸರು ಎಲ್ಲಿದೆ? ಸರ್ಕಾರದ ಜನನ ಮರಣ ವಿವಾಹಗಳ ದಾಖಲೆಯಲ್ಲಿದೆ. ನೆದರ್ಲೆಂಡ್ಸ್‌ನಲ್ಲಿ ಈ ದಾಖಲೆಗಳು 1811ರಿಂದ ಅಚ್ಚುಕಟ್ಟಾಗಿವೆ, ಯುಟ್ರೆಕ್ಟ್‌ನವು ಅಲ್ಲಿಯ ಪತ್ರಾಗಾರದಲ್ಲಿವೆ. ಒಂದು ಸಂಗತಿ ನಮಗೆ ಮೆಚ್ಚುಗೆಯಾಯಿತು. ಮದುವೆಯಾದ ಮೇಲೂ ದಾಖಲೆಯಲ್ಲಿ ಹೆಂಗಸಿನ ಹೆಸರು ತವರಿನ ಹೆಸರೇ, ಸಾಯುವವರೆಗೂ ಅದೇ. ಮೆಚ್ಚುಗೆ ಅಷ್ಟಕ್ಕೇ ನಿಂತಿತು. ಹೆಸರಿನ ಮುಂದೆ ಉದ್ಯೋಗ ಬರೆಯುವಲ್ಲಿ ಗಂಡನಿಗೆ ಕೂಲಿ, ಸಿಗಾರ್ ಕೆಲಸದವ, ದೋಣಿಯವ ಎಂದೇನಾದರೂ ಇರುತ್ತದೆ. ಹೆಂಡತಿಗೆ ಸಾಮಾನ್ಯವಾಗಿ ಇರುವ ಮಾತು ಒಂದೇ: ಉದ್ಯೋಗವಿಲ್ಲ. ಕಾನೂನಿನ ಕಣ್ಣಿನಲ್ಲೂ ವಿವಾಹಿತೆ ಸ್ವತಂತ್ರ ವ್ಯಕ್ತಿಯಾಗಿರಲಿಲ್ಲ. ಗಂಡನ ಒಪ್ಪಿಗೆಯಿಲ್ಲದೆ ಕರಾರು ಮಾಡುವಂತಿರಲಿಲ್ಲ. ಆ ನಿಯಮ ಪೂರ್ತಿ ಹೋದದ್ದು 1956ರ ಕಾನೂನಿನಿಂದ, ನಮ್ಮಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ವರ್ಷವೇ.

ಇನ್ನು ನಮ್ಮ ಕಸುಬಿಗೆ ಸೇರಿದ ವಿಷಯ, ಮಕ್ಕಳ ಔಷಧ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ಗಲ್ಫಿಗೆ ಹೊಸದಾಗಿ ಬರುವವರಿಗೆ ನಾವೆಲ್ಲ ಹೇಳುವ ಮೊದಲ ಬುದ್ಧಿಮಾತು, ಊರಿನಿಂದ ಗಸಗಸೆ ತರಬೇಡಿ ಎಂದು. ಪಾಯಸದ ಗಸಗಸೆಗೂ ಇಲ್ಲಿ ಜೈಲಾಗಬಹುದು. ಬೀಜಕ್ಕೇ ಇಷ್ಟು ಭಯವಾದರೆ, ಆ ಬೀಜ ಇರುವ ಕಾಯಿಯನ್ನು ಕುದಿಸಿ ಕಷಾಯ ಮಾಡಿ ಎಳೆಮಕ್ಕಳಿಗೆ ಕುಡಿಸುತ್ತಿದ್ದ ಕಾಲವನ್ನು ಊಹಿಸಿಕೊಳ್ಳಿ. ಡಚ್ ಭಾಷೆಯಲ್ಲಿ ಆ ಕಾಯಿಗೆ ನಿದ್ದೆಯ ಗಡ್ಡೆ ಎಂಬಂಥ ಹೆಸರು. ಇಂಗ್ಲೆಂಡಿನಲ್ಲಿ ಅದನ್ನೇ ಬಾಟಲಿಗೆ ತುಂಬಿ ಗಾಡ್‌ಫ್ರೇ ಕಾರ್ಡಿಯಲ್ ಎಂದು ಮಾರಿದರು, ಅಫೀಮಿಗೆ ಬೆಲ್ಲದ ಪಾಕ ಸೇರಿಸಿ. ಅಮೆರಿಕದಿಂದ ಬಂದ ಮಿಸೆಸ್ ವಿನ್‌ಸ್ಲೋ ಸಿರಪ್ಪಿನಲ್ಲಿ ಇದ್ದದ್ದು ಮಾರ್ಫಿನ್. ಲೇಬಲ್ಲಿನ ಮೇಲೆ ಮುದ್ದಾದ ತಾಯಿ ಮಗುವಿನ ಚಿತ್ರ, ಒಳಗೆ ಏನಿದೆ ಎಂಬ ಸುದ್ದಿಯಿಲ್ಲ. 1868ರಲ್ಲಿ ಇಂಗ್ಲೆಂಡ್ ವಿಷಪದಾರ್ಥಗಳ ಮಾರಾಟಕ್ಕೆ ಕಾಯಿದೆ ತಂದಾಗಲೂ ಇಂಥ ಪೇಟೆಂಟ್ ಔಷಧಗಳು ನುಣುಚಿಕೊಂಡವು.

ಅಫೀಮು ಎಳೆಮಗುವಿಗೆ ಏನು ಮಾಡುತ್ತದೆ? ಮೊದಲು ಅಳು ನಿಲ್ಲುತ್ತದೆ. ಹಸಿವೂ ನಿಲ್ಲುತ್ತದೆ, ಅದೇ ಅಪಾಯ. ಎಳೆಮಗುವಿನ ಯಕೃತ್ತಿಗೆ ಈ ಮದ್ದನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಬೆಳಿಗ್ಗೆಯ ಚಮಚದ ಮೇಲೆ ಸಂಜೆಯ ಚಮಚ ಸೇರಿ ಮೈಯಲ್ಲಿ ಉಳಿಯುತ್ತದೆ, ಉಸಿರು ನಿಧಾನವಾಗುತ್ತದೆ. ಕಾಯಿಯಿಂದ ಕಾಯಿಗೆ ಅಫೀಮಿನ ಪ್ರಮಾಣವೂ ಬೇರೆ, ನಿನ್ನೆಯ ಒಂದು ಚಮಚ ಇವತ್ತಿನ ಒಂದು ಚಮಚ ಅಲ್ಲ. ಬೇಗ ಸಾಯದ ಮಗು ಹಾಲು ಕುಡಿಯದೆ ಬತ್ತಿ ಸಾಯುತ್ತಿತ್ತು. ಮರಣ ದಾಖಲೆಯಲ್ಲಿ ಅಫೀಮು ಎಂದು ಬರುತ್ತಿರಲಿಲ್ಲ, ನಿಶ್ಶಕ್ತಿ ಎಂದು ಬರುತ್ತಿತ್ತು.

ಇದನ್ನು ಕೇಳಿ ಆ ತಾಯಿಯನ್ನು ಬೈಯುವುದು ಸುಲಭ. ಅಂದಿನ ವೈದ್ಯರೂ, ಬಡವರ ಮನೆಗೆ ಭೇಟಿ ಕೊಡುತ್ತಿದ್ದ ದಾನಿ ಮಹಿಳೆಯರೂ ತಾಯಂದಿರ ಅಜ್ಞಾನ ಎಂದು ಬೈದೇ ಬರೆದರು. ನಾವು ಮದ್ದಿನ ಕೌಂಟರಿನ ಹಿಂದೆ ನಿಂತು ಇಪ್ಪತ್ತು ವರ್ಷ ಕಳೆದವರು, ನಮಗೆ ಹಾಗೆ ಅನ್ನಿಸುವುದಿಲ್ಲ. ಬೆಳಗಾಗುವ ಮೊದಲೇ ತಂಬಾಕಿನ ಕೆಲಸಕ್ಕೆ ಹೊರಟವಳು ಹಾಲುಗೂಸನ್ನು ಎಂಟು ವರ್ಷದ ಅಕ್ಕನ ಕೈಯಲ್ಲಿ ಬಿಟ್ಟು ಹೋಗಬೇಕು. ಮಗು ಅತ್ತರೆ ಆ ಹುಡುಗಿ ಏನು ಮಾಡಿಯಾಳು? ಮುಂಬಯಿಯ ಹತ್ತಿ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು 1920ರ ದಶಕದಲ್ಲೂ ಮಕ್ಕಳಿಗೆ ಬಾಲಗೋಲಿ ಎಂಬ ಅಫೀಮಿನ ಗುಳಿಗೆ ಕೊಟ್ಟದ್ದು ಇದೇ ಕಾರಣಕ್ಕೆ. ಆ ಗಿರಣಿಗಳಲ್ಲಿ ನಮ್ಮ ಕಡೆಯವರೂ ದುಡಿದಿದ್ದಾರೆ. ದೂರದ ಮಾತು ಯಾಕೆ, 12 ವರ್ಷದೊಳಗಿನವರಿಗೆ ಕೊಡೀನ್ ಕೊಡಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿದ್ದು 2017ರಲ್ಲಿ. ಕೊಡೀನ್ ಅಫೀಮಿನ ಮನೆಯ ಮಗುವೇ. ಇಂದಿಗೂ ರಾತ್ರಿ ಹತ್ತು ಗಂಟೆಗೆ ಕೌಂಟರಿಗೆ ಬಂದು, ಬೆಳಿಗ್ಗೆ ಐದಕ್ಕೆ ಡ್ಯೂಟಿ ಇದೆ, ಮಗು ಮಲಗುವಂಥ ಕೆಮ್ಮಿನ ಸಿರಪ್ ಕೊಡಿ ಎಂದು ಕೇಳುವ ತಂದೆತಾಯಿಗಳಿದ್ದಾರೆ. ನಾವು ಕೊಡುವುದಿಲ್ಲ. ಆದರೆ ಅವರು ಕೆಟ್ಟ ತಂದೆತಾಯಿಗಳೆಂದೂ ತಿಳಿಯುವುದಿಲ್ಲ.

ಮಕ್ಕಳನ್ನು ಹೆಚ್ಚಾಗಿ ಕೊಂದದ್ದು ಅಫೀಮೂ ಅಲ್ಲ. ಅಂದಿನ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಒಂದು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ತಗ್ಗು ನೆಲದ ಪಶ್ಚಿಮದ ಕಡೆ, ನೀರು ಕೆಟ್ಟಲ್ಲಿ, ಇನ್ನೂ ಹೆಚ್ಚು ಸಾವು. ಮೊಲೆಹಾಲು ಬಿಡಿಸಿ ನೀರು ಬೆರೆಸಿದ ದನದ ಹಾಲು, ಬ್ರೆಡ್ಡಿನ ಗಂಜಿ ಕೊಟ್ಟ ಮನೆಗಳಲ್ಲಿ ಬೇಸಿಗೆಯ ಭೇದಿ ಮಕ್ಕಳನ್ನು ಸಾಲಾಗಿ ಒಯ್ಯುತ್ತಿತ್ತು.

1866ರಲ್ಲಿ ಕಾಲರಾ ಬಂತು. ದೇಶದಲ್ಲಿ ಸುಮಾರು 20,000 ಮಂದಿ ಸತ್ತರು. ಆಗ ಸುಮಾರು 60,000 ಜನರಿದ್ದ ಯುಟ್ರೆಕ್ಟ್ ಅತಿ ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಒಂದು. ಕಾಲುವೆಯೇ ಚರಂಡಿಯಾಗಿದ್ದ ಊರು, ಬಾವಿಯ ಮಗ್ಗುಲಲ್ಲೇ ಮಲದ ಗುಂಡಿ. ಕಾಲರಾ ನೀರಿನಿಂದ ಹರಡುತ್ತದೆ ಎಂದು ಲಂಡನ್ನಿನ ಜಾನ್ ಸ್ನೋ 1854ರಲ್ಲೇ ಒಂದು ಪಂಪಿನ ಸುತ್ತ ಸತ್ತವರನ್ನು ಎಣಿಸಿ ತೋರಿಸಿದ್ದರು. ಆದರೂ ಬಹಳ ವೈದ್ಯರು ಕೆಟ್ಟ ಗಾಳಿಯ ಮಾತನ್ನೇ ಆಡುತ್ತಿದ್ದರು. ಚಿಕಿತ್ಸೆಯೆಂದು ಕೊಡುತ್ತಿದ್ದದ್ದು ಪಾದರಸದ ಲವಣವಾದ ಕ್ಯಾಲೊಮೆಲ್, ಅಫೀಮಿನ ಟಿಂಚರ್, ಕರ್ಪೂರ, ಬ್ರಾಂದಿ. ಅಂದಿನ ಔಷಧದಂಗಡಿಯ ಕಪಾಟಿನಲ್ಲಿ ಕಾಲರಾ ರೋಗಿಯನ್ನು ಬದುಕಿಸುವ ಒಂದು ಬಾಟಲಿಯೂ ಇರಲಿಲ್ಲ. ನಮ್ಮ ಕಸುಬಿನ ಬಗ್ಗೆ ನಾವೇ ಹೀಗೆ ಹೇಳಬೇಕಾಗಿದೆ.

ಬದುಕಿಸುವ ಮದ್ದು ಯಾವುದೆಂದು ಈಗ ನಿಮಗೆಲ್ಲ ಗೊತ್ತು. ಒಆರ್‌ಎಸ್. ಒಂದು ಲೀಟರ್ ಶುದ್ಧ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಉಪ್ಪಿನ ಜೊತೆ ಸಕ್ಕರೆಯಿದ್ದರೆ ಕರುಳು ಭೇದಿಯ ನಡುವೆಯೂ ನೀರನ್ನು ಹೀರಿಕೊಳ್ಳುತ್ತದೆ, ಗುಟ್ಟು ಇಷ್ಟೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮಿನಲ್ಲಿ ಕಲಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. 30 ಶೇಕಡದ ಆಸುಪಾಸಿನಲ್ಲಿದ್ದ ಸಾವು 4 ಶೇಕಡಕ್ಕಿಂತ ಕೆಳಗಿಳಿಯಿತು. ಉಪ್ಪು ಏಳು ಓಣಿಗಳ ಮನೆಯಲ್ಲೂ ಇತ್ತು, ಸ್ವಲ್ಪ ಸಕ್ಕರೆ ಕಿರಾಣಿ ಅಂಗಡಿಯಲ್ಲಿತ್ತು. ಚಮಚದಿಂದ ರಾತ್ರಿಯಿಡೀ ಕುಡಿಸಲು ತಾಯಿ ಇದ್ದಳು. ಆ ಹೆಂಗಸು ಕೊಡದ ನೀರು ಅಂತ ಒಂದಿರಲಿಲ್ಲ. ಅವಳು ಹೊತ್ತು ತಂದ ನೀರೇ ರೋಗದ್ದಾಗಿತ್ತು.

ಯುಟ್ರೆಕ್ಟ್‌ಗೆ ಕೊಳವೆ ನೀರು ಬಂದದ್ದು 1883ರಲ್ಲಿ, ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ಸೂಸ್ಟ್ ಎಂಬಲ್ಲಿಯ ಮರಳುದಿಬ್ಬಗಳ ಅಡಿಯ ಅಂತರ್ಜಲ. ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾದ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದು 1884ರ ಆರಂಭದಲ್ಲಿ. ಅಂದರೆ ಶತ್ರು ಯಾರೆಂದು ಖಚಿತವಾಗುವ ಮೊದಲೇ ನಲ್ಲಿ ಬಂದಿತ್ತು. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆ ನೀರು ಹರಿದದ್ದು 1890ರ ದಶಕದಲ್ಲಿ, ಬಹಳ ಹಿಂದೇನೂ ಬೀಳಲಿಲ್ಲ. ಆದರೆ ನಲ್ಲಿ ಬಂತು ಎಂದರೆ ಎಲ್ಲರ ಮನೆಗೆ ಬಂತು ಎಂದಲ್ಲ. ನೀರು ಕಂಪನಿಗೆ ಹಣ ಕಟ್ಟಬೇಕಿತ್ತು. ಕೂಲಿಕೇರಿಯ ಹೆಂಗಸು ಇನ್ನೂ ಬಹುಕಾಲ ಬಕೆಟ್ ಹೊತ್ತಳು, ಪಂಪಿನಿಂದಲ್ಲ, ಓಣಿಗೊಂದರಂತೆ ಇದ್ದ ನಲ್ಲಿಯಿಂದ. ಅಷ್ಟಾದರೂ ದೊಡ್ಡದೇ.

ಕಾನೂನುಗಳು ಒಂದೊಂದಾಗಿ ಬಂದವು. 1874ರಲ್ಲಿ ಸಾಮ್ಯುಯೆಲ್ ಫಾನ್ ಹೌಟನ್ ತಂದ ಕಾಯಿದೆ 12 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದು ಎಂದಿತು, ಹೊಲದ ಕೆಲಸ ಮನೆಗೆಲಸಗಳನ್ನು ಹೊರಗಿಟ್ಟು. 1889ರ ಕಾಯಿದೆ ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿ, ಹೆರಿಗೆಯ ನಂತರ ನಾಲ್ಕು ವಾರ ಕೆಲಸಕ್ಕೆ ಕರೆಯಕೂಡದು ಎಂದಿತು. ಕರೆಯಕೂಡದು ಎಂದಿತೇ ಹೊರತು ಆ ನಾಲ್ಕು ವಾರ ಊಟಕ್ಕೇನು ಎಂದು ಹೇಳಲಿಲ್ಲ, ಏಕೆಂದರೆ ಸಂಬಳವಿರಲಿಲ್ಲ. ಮನೆಯಲ್ಲೇ ಪರರ ಬಟ್ಟೆ ಒಗೆಯುವವಳಿಗೆ ಆ ನಾಲ್ಕು ವಾರವೂ ಇಲ್ಲ. ಇದೇ ಯುಟ್ರೆಕ್ಟ್‌ನಲ್ಲಿ ಹುಟ್ಟಿದ ಕಾಥರೀನ್ ಫಾನ್ ಟುಸ್ಸೆನ್‌ಬ್ರೂಕ್ 1880ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯಕ್ಕೆ ಸೇರಿ, ದೇಶದ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾದರು. ಅವರಿಗಿಂತ ಮೊದಲೇ ವೈದ್ಯೆಯಾದ ಆಲೆಟ್ಟಾ ಯಾಕೋಬ್ಸ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಡ ಹೆಂಗಸರನ್ನು ಉಚಿತವಾಗಿ ನೋಡುತ್ತಾ, 1882ರ ಹೊತ್ತಿಗೆ ಹೆರಿಗೆಗಳ ನಡುವೆ ಅಂತರ ಇಡುವ ಉಪಾಯವನ್ನೂ ಹೇಳಿಕೊಡತೊಡಗಿದರು. ಅದಕ್ಕಾಗಿ ಬೈಗುಳ ತಿಂದರು. ವೈದ್ಯೆಯಾಗುವ ಮುನ್ನ ಅವರು 1870ರಲ್ಲಿ ಪಾಸು ಮಾಡಿದ ಮೊದಲ ಪರೀಕ್ಷೆ ಔಷಧದಂಗಡಿಯ ಸಹಾಯಕರದ್ದು. ಈ ಸಂಗತಿಯನ್ನು ಇಲ್ಲಿ ಸೇರಿಸಿದ್ದು ನಮ್ಮ ಕಸುಬಿನ ಅಭಿಮಾನದಿಂದ, ಓದುಗರು ಕ್ಷಮಿಸಬೇಕು.

ಇಂದಿನ ಯುಟ್ರೆಕ್ಟ್‌ನಲ್ಲಿ ಹೆರಿಗೆಯಾದ ಮನೆಗೆ ಎಂಟು ದಿನದ ಆಸುಪಾಸು ಬಾಣಂತಿ ನೋಡಿಕೊಳ್ಳುವ ತರಬೇತಾದ ಮಹಿಳೆ ಬರುತ್ತಾಳೆ. ವಿಮೆಯ ಲೆಕ್ಕದಲ್ಲಿ, ಬಡವ ಬಲ್ಲಿದ ಎನ್ನದೆ ಎಲ್ಲರ ಮನೆಗೂ. ತಂಗಿಯ ಮನೆಗೆ ಬಂದವಳು ಮಗುವಿನ ಮೈಬಿಸಿ, ತೂಕ, ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಬಟ್ಟೆ ಒದ್ದೆಯಾಯಿತು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಳು. ತೊಟ್ಟಿಲಲ್ಲಿ ಬಿಸಿನೀರು ತುಂಬಿದ ಲೋಹದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಹಾಸಿಗೆ ಬೆಚ್ಚಗೆ ಮಾಡಿದಳು. ನೀರು ಅಡುಗೆಮನೆಯ ನಲ್ಲಿಯದು. ಅಮ್ಮನಿಗೂ ಆಕೆಗೂ ಮೊದಲ ಎರಡು ದಿನ ಸರಿಬರಲಿಲ್ಲ. ಎಣ್ಣೆನೀರು ಯಾವಾಗ ಎಂದು ಅಮ್ಮ, ದಿನಾ ಸ್ನಾನ ಬೇಡ ಎಂದು ಆಕೆ. ಸಾಂಬ್ರಾಣಿ ಹೊಗೆಗೆ ಆಕೆ ಒಪ್ಪಲೇ ಇಲ್ಲ. ಅದರಲ್ಲಿ ನಾವೂ ಆಕೆಯ ಪಕ್ಷವೇ ವಹಿಸಿದೆವು, ಅಮ್ಮ ಒಂದು ಹೊತ್ತು ಮಾತು ಬಿಟ್ಟರು. ಮೂರನೆಯ ದಿನ ಆಕೆ ಮಗು ನೋಡಲು ಬಂದವರಿಗೆಲ್ಲ ಡಚ್ ಪದ್ಧತಿಯಂತೆ ಗರಿಗರಿ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಹೊದಿಸಿದ ಸೋಂಪಿನ ಕಾಳು ಉದುರಿಸಿ ಕೊಟ್ಟಳು. ಸೋಂಪು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಾರೆ ಎಂದಳು. ತಂಗಿ ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅಮ್ಮ ಎದ್ದುಹೋಗಿ, ಊರಿನಿಂದ ತಂದ ಸಬ್ಬಸಿಗೆ ಬೀಜದ ಕಟ್ಟನ್ನು ತಂದು ಆಕೆಯ ಮುಂದೆ ಬಿಚ್ಚಿದರು. ಇಬ್ಬರೂ ಕಾಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿದರು.